ಕೆರೆದಡದ ಕೂಗು

ಮೂರನೇ ಸಲ ಶುರು ಮಾಡುತ್ತಿದ್ದೇನೆ, ಇಂಚರಾ. ಮೊದಲು ನೀರು ಬೇಕು ಅಂದೆ, ಆಮೇಲೆ ಅಣ್ಣ ಚಿವುಟಿದ ಅಂದೆ. ಇನ್ನು ನಡುವೆ ಬಾಯಿ ಹಾಕಿದರೆ ಕಥೆ ಅಣ್ಣನಿಗೊಬ್ಬನಿಗೇ.

ಒಂದು ಕಾಡಿನಲ್ಲಿ ಒಂದೇ ಕೆರೆಯಿತ್ತು. ಅದರ ದಡದಲ್ಲಿ ಜಿಂಕೆಗಳಿದ್ದವು. ಪಕ್ಕದ ಕಾಡಿಗೆ ಬೆಂಕಿ ಬಿದ್ದಾಗ ಕರಿಮೂತಿಯ ಕೋತಿಗಳು ಓಡಿಬಂದು ದಡದ ಮರಗಳಲ್ಲಿ ಉಳಿದವು. ಅವು ಮೇಲಿಂದ ಚಿಗುರು ಉದುರಿಸುತ್ತಿದ್ದವು, ಜಿಂಕೆಗಳು ಕೆಳಗೆ ತಿನ್ನುತ್ತಿದ್ದವು. ಚಿರತೆ ಕಂಡವರು ಮೊದಲು ಕೂಗಬೇಕು, ಆಮೇಲೆ ಓಡಬೇಕು. ಅದು ಆ ಕೆರೆಯ ಕಟ್ಟಳೆ. ಹೀಗಾಗಿ ಚಿರತೆಗೆ ಬೇಟೆ ಸಿಗಲಿಲ್ಲ. ಅದು ತಿಂದು ಬಿಟ್ಟದ್ದನ್ನು ತಿನ್ನುವ ನರಿಯ ಹೊಟ್ಟೆಯೂ ಬೆನ್ನಿಗಂಟಿತು.

ನರಿ ಹಿರಿಯ ಜಿಂಕೆಯ ಹತ್ತಿರ ಬಂದಿತು.

"ಅಕ್ಕಾ, ನಿನ್ನೆ ಮೊನ್ನೆ ಬಂದವರು ಕೂಗಿದರೆ ಎದ್ದು ಓಡುತ್ತೀರಲ್ಲ. ನಾಳೆ ಕುಣಿ ಅಂದರೆ ಕುಣಿಯುತ್ತೀರಾ?"

"ಅವರು ಮೇಲಿದ್ದಾರೆ. ದೂರದ್ದು ಕಾಣುತ್ತದೆ."

"ಅದನ್ನೇ ನಾನೂ ಹೇಳೋದು. ಕೆರೆ ನಿಮ್ಮಜ್ಜನದು, ತಲೆಯ ಮೇಲೆ ಕೂತವರು ಅವರು."

ಮಾತು ನಾಟಿತು. ಹಿರಿಯ ಜಿಂಕೆ ಕೋತಿಗಳಿಗೆ, "ನಮ್ಮ ಕಾವಲು ನಾವೇ ಮಾಡಿಕೊಳ್ಳುತ್ತೇವೆ. ನೀವು ಕೂಗಬೇಡಿ. ಕೂಗಿದರೆ ಮರ ಬಿಟ್ಟು ಹೋಗಬೇಕು" ಎಂದಿತು.

ಮರಿಯನ್ನು ಅಪ್ಪಿಕೊಂಡಿದ್ದ ತಾಯಿ ಕೋತಿ, "ಆಯ್ತಕ್ಕ. ಹೋಗೋದಕ್ಕೆ ನಮಗೆ ಬೇರೆ ಕಾಡಿಲ್ಲ" ಎಂದಿತು.

ನರಿ ಚಿರತೆಗೆ ಸುದ್ದಿ ಮುಟ್ಟಿಸಿತು. ಮರುದಿನ ಬೆಳಿಗ್ಗೆ ಹಿರಿಯ ಜಿಂಕೆಯ ಮರಿ ನೀರಿಗೆ ಬಾಗಿತ್ತು. ಗಾಳಿ ಚಿರತೆಯ ಕಡೆಗೆ ಬೀಸುತ್ತಿತ್ತು, ಜಿಂಕೆಗಳಿಗೆ ವಾಸನೆ ತಿಳಿಯಲಿಲ್ಲ. ಚಿರತೆ ಹುಲ್ಲಿನಲ್ಲಿ ತೆವಳುವುದು ಮರದ ಮೇಲಿನ ತಾಯಿ ಕೋತಿಗೆ ಮಾತ್ರ ಕಂಡಿತು. ಕೂಗಿದರೆ ಮರ ಹೋಗುತ್ತದೆ. ಅದು ತನ್ನ ಮರಿಯನ್ನು ನೋಡಿತು. ಜಿಂಕೆಯ ಮರಿಯನ್ನು ನೋಡಿತು. ಕೂಗಿತು.

ಜಿಂಕೆಮರಿ ನೆಗೆದು ಓಡಿತು. ಚಿರತೆಯ ಪಂಜಕ್ಕೆ ಸಿಕ್ಕಿದ್ದು ಬರೀ ನೀರು. ತನ್ನ ಪಾಲಿಗೆಂದು ಪೊದೆಯಲ್ಲಿ ಕಾದಿದ್ದ ನರಿ, "ಹೋಗಲಿ ಒಡೆಯಾ, ನಾಳೆ ನೋಡೋಣ" ಎಂದಿತು. ಚಿರತೆಯ ಹಸಿವು ಮೂರು ದಿನದ್ದು. ಅದು ನಾಳೆಯವರೆಗೆ ಕಾಯಲಿಲ್ಲ, ನರಿಯನ್ನೇ ತಿಂದಿತು.

ಕೋತಿಗಳು ಮರಿಗಳನ್ನು ಅವುಚಿಕೊಂಡು ಮರ ಇಳಿದವು. ಹಿರಿಯ ಜಿಂಕೆ ಅಡ್ಡ ನಿಂತಿತು. ತಪ್ಪಾಯಿತು ಅನ್ನಲು ಅದಕ್ಕೆ ಬಾಯಿ ಬರಲಿಲ್ಲ.

"ಎಲ್ಲಿಗೆ ಹೊರಟಿರಿ? ಹತ್ತಿ ಮೇಲೆ. ನೀವು ಹೋದರೆ ಚಿಗುರು ಉದುರಿಸೋರು ಯಾರು?"

ನೀತಿ: ನೆರೆಯವರ ಬಾಯಿ ಮುಚ್ಚಿಸು ಎಂದು ಹೇಳಿಕೊಡುವವನು ಯಾವ ಊಟಕ್ಕೆ ಕಾದಿದ್ದಾನೆ ಎಂದು ಮೊದಲು ನೋಡಬೇಕು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಇಂಚರ ಮತ್ತೆ ಬಾಯಿ ಹಾಕಿದಳು. ಈ ಸಲ ನಾನು ಗದರಲಿಲ್ಲ.

"ಅಮ್ಮಾ, ಆ ಕೋತಿ ಯಾರನ್ನೂ ಉಳಿಸದೆ ಸುಮ್ಮನೆ ತನ್ನ ಪಾಡಿಗೆ ಇದ್ದಿದ್ದರೂ, ಆ ಕಾಡು ಅದರದ್ದೂ ಆಗುತ್ತಿತ್ತಲ್ಲವಾ?"