ಗಾದಿಯ ಮೇಲಿನ ಸ್ವಭಾವ ಪರೀಕ್ಷೆ

ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಗಾದಿಯ ಮೇಲೆ ಸೀರೆ ಬಿಚ್ಚಿ ತೋರಿಸುತ್ತಿದ್ದವನು ಕೊಟ್ರೇಶಿ. ಕೆಲಸದವರನ್ನು ತಿದ್ದಲಿಕ್ಕೆ ಅಂತ ಸಾಹುಕಾರರು ಒಂದಿನ ಸುಧನ್ವ ಎಂಬ ಕೋಚನ್ನು ಕರೆಸಿದರು.

"ಮೊದಲು ಸ್ವಭಾವ ಪರೀಕ್ಷೆ. ಆಳು ಎಂಥವನು ಅಂತ ತಿಳಿಯದೆ ತಿದ್ದೋಕಾಗಲ್ಲ," ಅಂದ ಕೋಚು. ಕೊಟ್ರೇಶಿಗೆ ಅರವತ್ತು ಪ್ರಶ್ನೆ ಕೇಳಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಉತ್ತರ ತಾನೇ ಹೇಳಿ ಬರೆದುಕೊಂಡ. ಕೊನೆಗೆ ತೀರ್ಪು ಕೊಟ್ಟ: "ಈತ ಅಂತರ್ಮುಖಿ. ಮಾತೇ ಇಲ್ಲ. ವ್ಯಾಪಾರಕ್ಕೆ ನಾಲಾಯಕ್. ಗೋಡೌನಿಗೆ ಹಾಕಿ."

ಸಾಹುಕಾರರು ತಲೆಯಾಡಿಸಿದರು.

"ಆಗಲಿ ಸರ್," ಅಂದ ಕೊಟ್ರೇಶಿ ಕೋಚಿಗೆ. "ಗೋಡೌನಿಗೆ ಹೋಗೋ ಮುಂಚೆ ನಿಮ್ಮ ಮನೆಯವರಿಗೆ ಅಂತ ಒಂದು ಸೀರೆ ತೋರಿಸ್ಲಾ?"

"ನೋಡ್ತೀನಿ ಅಷ್ಟೇ, ತಗೊಳ್ಳಲ್ಲ," ಅಂತ ಕೋಚು ಗಾದಿಯ ಅಂಚಿಗೆ ಕೂತ.

ಕೊಟ್ರೇಶಿ ಇಳಕಲ್ ಸೀರೆ ಬಿಚ್ಚಿದ. ಸೆರಗನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನಿಂತ. ತುಟಿ ಪಿಟಕ್ಕೆನ್ನಲಿಲ್ಲ. ಆ ಮೌನವನ್ನು ಕೋಚಿಗೆ ತಡೆಯಲಾಗಲಿಲ್ಲ, ತಾನೇ ಶುರು ಹಚ್ಚಿಕೊಂಡ. ಸೆರಗಿನ ಚರಿತ್ರೆ ಹೇಳಿದ, ಹೆಂಡತಿಯ ಮೈಬಣ್ಣ ಹೇಳಿದ, ನಾದಿನಿಯ ಮದುವೆ ಹತ್ತಿರ ಬಂದದ್ದನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ತನ್ನನ್ನು ತಾನೇ ಒಪ್ಪಿಸಿಕೊಂಡು ನಾಲ್ಕು ಸೀರೆ ಕಟ್ಟಿಸಿದ.

ಸಾಹುಕಾರರು ಬೆರಗಾದರು. "ಒಂದು ಮಾತೂ ಆಡದೆ ಹೆಂಗೋ ಮಾರಿದೆ?"

"ನಾನೂ ಪರೀಕ್ಷೆ ಮಾಡಿದ್ದೆ ಸಾವ್ಕಾರ್ರೇ. ಅರವತ್ತು ಪ್ರಶ್ನೆಗೂ ಉತ್ತರ ಇವರೇ ಹೇಳಿಕೊಂಡ್ರು. ಇಂಥ ಗಿರಾಕಿ ಮುಂದೆ ನಾನ್ಯಾಕೆ ಬಾಯಿ ಬಿಡಲಿ?"

ಕೋಚು ಸಿಟ್ಟಿನಿಂದ ಏನೋ ಹೇಳಲು ಹೊರಟ.

ಕೊಟ್ರೇಶಿ ಸುಮ್ಮನೆ ಐದನೇ ಸೀರೆಗೆ ಕೈ ಹಾಕಿದ.

ಕೋಚು ಗಪ್ಪನೆ ಬಾಯಿ ಮುಚ್ಚಿದ.