ತಪಸಿಯ ಬೀಜ ತೆಳ್ಳಗಾದದ್ದು

ಜಗತ್ತು ಇನ್ನೂ ಹಸಿಯಾಗಿದ್ದ ಕಾಲ. ಬಂಡೆಗಳು ಪೂರ್ತಿ ಗಟ್ಟಿಯಾಗಿರಲಿಲ್ಲ. ಮರಗಳೆಲ್ಲ ನಿಧಾನವಾಗಿ ಬೆಳೆಯುತ್ತಿದ್ದವು.

ಹಳ್ಳದ ದಂಡೆಯಲ್ಲಿ ಸಣ್ಣೀರವ್ವ ಎಂಬಾಕೆ ನವಣೆ ಬೆಳೆಯುತ್ತಿದ್ದಳು. ಅವಳ ಕೂಸನ್ನು ಮಲಗಿಸಲು ಹೊಲದಲ್ಲಿ ನೆರಳಿರಲಿಲ್ಲ. ಅವಳು ಒಂದು ಹಿಡಿ ಕಾಡುಬೀಜ ಬಿತ್ತಿದಳು. ಬಂದ ಸಸಿಗಳಲ್ಲಿ ಎಲ್ಲಕ್ಕಿಂತ ಬೇಗ ಬೆಳೆಯುವುದನ್ನು ಆರಿಸಿ ಬದುವಿನಲ್ಲಿ ನೆಟ್ಟಳು. ಉಳಿದವನ್ನು ಆಡಿಗೆ ಹಾಕಿದಳು.

ಸಸಿ ಒಂದು ಮಳೆಗೆ ಅವಳ ಸೊಂಟ ಮುಟ್ಟಿತು. ಇನ್ನೊಂದು ಮಳೆಗೆ ತಲೆ ದಾಟಿತು. ಕೂಸು ಅಂಬೆಗಾಲಿಡುವ ಮೊದಲೇ ಟೊಂಗೆಗೆ ಅದನ್ನು ಮಲಗಿಸುವ ಜೋಳಿಗೆ ಕಟ್ಟುವಂತಾಯಿತು.

ಪಕ್ಕದಲ್ಲಿ ಎಷ್ಟೋ ಕಾಲದಿಂದ ಇದ್ದರೂ ನೆರಳು ಕೊಡುವಷ್ಟು ಬೆಳೆಯದಿದ್ದ ಹುಣಸೆಗೆ ಇದು ಸರಿಬರಲಿಲ್ಲ.

"ನಾನೂ ಇದೇ ಮಣ್ಣಿನಲ್ಲಿದ್ದೇನೆ. ಇದೇ ನೀರು ಕುಡಿಯುತ್ತೇನೆ. ಇದು ಮಾತ್ರ ಹೇಗೆ ಬೆಳೆಯಿತು? ಏನೋ ಕದ್ದಿದೆ."

"ಏನನ್ನು ಕದ್ದಿದೆ, ಹುಣಸಕ್ಕಾ?" ಹಳ್ಳ ಕೇಳಿತು.

"ಅದನ್ನೇ ಹುಡುಕಬೇಕು. ತಪಾಸಣೆ ಆಗಲಿ. ಸಿಕ್ಕರೆ ಮರವನ್ನು ಬೇರುಸಹಿತ ಕಿತ್ತುಹಾಕಲಿ."

ತಪಾಸಣೆಗೆ ಗಾಳಿ ಬಂತು.

"ಹುಡುಕಪ್ಪಾ," ಎಂದಳು ಸಣ್ಣೀರವ್ವ. "ಕೂಸು ಮಲಗೈತಿ, ಸದ್ದು ಮಾಡಬ್ಯಾಡ."

ಗಾಳಿ ಎಲೆ ಉದುರಿಸು ಎಂದಿತು. ಮರ ಎಲ್ಲ ಎಲೆ ಉದುರಿಸಿತು. ಗಾಳಿ ಒಂದನ್ನು ಹಿಸುಕಿ ಮೂಸಿ ಮುಖ ತಿರುಗಿಸಿತು.

"ನೋಡಿ, ಬಚ್ಚಿಟ್ಟ ಮಾಲು ಕೊಳೆತಿದೆ," ಎಂದಿತು ಹುಣಸೆ.

"ಅದು ನನ್ನದೇ ವಾಸನೆ," ಎಂದಿತು ಮರ, ಸಣ್ಣ ದನಿಯಲ್ಲಿ.

ಗಾಳಿ ತೊಗಟೆ ಎಬ್ಬಿಸಿತು. ತೊಗಟೆಯ ಕೆಳಗೆ ತೊಗಟೆಯೇ ಇತ್ತು. ಇನ್ನು ಉಳಿದದ್ದು ಕಾಯಿ. ಆಗ ಅದರ ಕಾಯಿಗಳು ದಪ್ಪಗೆ, ಗಟ್ಟಿಯಾಗಿದ್ದವು.

"ಒಳಗೇನಿದೆ?" ಗಾಳಿ ಕೇಳಿತು.

"ಬೀಜ."

"ಒಡೆದು ತೋರಿಸು."

"ಹಸಿ ಬೀಜ. ಒಡೆದರೆ ಸಾಯುತ್ತವೆ."

"ಹಾಗಾದರೆ ಕದ್ದದ್ದು ಅಲ್ಲೇ ಇದೆ," ಎಂದಿತು ಹುಣಸೆ.

"ನಿನ್ನ ಕಾಯಿಯೂ ಮುಚ್ಚಿಕೊಂಡೇ ಇದೆಯಲ್ಲ," ಎಂದಿತು ಹಳ್ಳ.

"ನಾನು ಹಳಬಳು. ನನ್ನನ್ನು ಎಲ್ಲರೂ ಬಲ್ಲರು."

ಗಾಳಿ ಮರದ ಬುಡಕ್ಕೆ ಕೈ ಹಾಕಿತು. ಬೇರು ಸಡಿಲವಾಯಿತು, ಜೋಳಿಗೆ ವಾಲಿತು. ಸಣ್ಣೀರವ್ವ ಓಡಿಬಂದು ಕೂಸನ್ನು ಎತ್ತಿಕೊಂಡಳು.

"ಏ ಗಾಳಿಯಪ್ಪಾ, ನಿಲ್ಲು. ಮೊಟ್ಟಿಯೊಳಗ ಮರಿ ಐತೋ ಇಲ್ಲೋ ಅಂತ ಹೆಂಗ ನೋಡತೀವಿ? ಒಡೀತೀವೇನು? ಬಿಸಿಲಿಗೆ ಹಿಡಿತೀವಿ."

"ಇದರ ಸಿಪ್ಪೆ ದಪ್ಪ. ಬಿಸಿಲು ತೂರುವುದಿಲ್ಲ," ಎಂದಿತು ಗಾಳಿ.

ಮರ ಈ ಮಾತು ಕೇಳಿಸಿಕೊಂಡಿತು. ಕಾಯಿಗಳ ತಿರುಳನ್ನೆಲ್ಲ ಒಳಕ್ಕೆ ಎಳೆದುಕೊಂಡಿತು. ಸಿಪ್ಪೆಯನ್ನು ಒತ್ತಿತು, ಇನ್ನೂ ಒತ್ತಿತು. ಅದು ಹಾಳೆಯಷ್ಟು ತೆಳ್ಳಗಾಯಿತು, ಬಿಲ್ಲೆಯಷ್ಟು ಚಪ್ಪಟೆಯಾಯಿತು.

ಗಾಳಿ ಬುಡ ಬಿಟ್ಟು ಒಂದು ಬಿಲ್ಲೆಯನ್ನು ಬಿಸಿಲಿಗೆ ಹಿಡಿಯಿತು. ನಡುವೆ ಒಂದು ಕಾಳು. ಸುತ್ತ ಬರೀ ಬೆಳಕು.

"ಏನೂ ಇಲ್ಲ," ಎಂದಿತು ಗಾಳಿ.

"ಎಲ್ಲವನ್ನೂ ನೋಡಿದೆಯಾ?" ಹುಣಸೆ ಕೇಳಿತು.

"ಒಂದನ್ನು ನೋಡಿದೆ."

"ಮಿಕ್ಕವು?"

ಗಾಳಿ ಇನ್ನೊಂದು ಬಿಲ್ಲೆಗೆ ಕೈ ಹಾಕಿತು. ಎಲ್ಲವನ್ನೂ ನೋಡುವವರೆಗೆ ಮರವನ್ನು ಮುಟ್ಟುವಂತಿಲ್ಲ ಎಂದಳು ಸಣ್ಣೀರವ್ವ. ಹುಣಸೆಯೂ ಒಪ್ಪಿತು. ನೋಡಿ ಮುಗಿಯುವಷ್ಟರಲ್ಲಿ ಮರ ಹೊಸ ಬೀಜ ಬಿಡುತ್ತದೆಂದು ಅದಕ್ಕೆ ತಿಳಿದಿರಲಿಲ್ಲ.

ತಪಾಸಣೆ ಎಂಬ ಮಾತನ್ನು ಗಿಣಿಯೊಂದು ಅರ್ಧ ಕೇಳಿಸಿಕೊಂಡು, ತಪಸಿ, ತಪಸಿ ಎಂದು ಊರೆಲ್ಲ ಕೂಗಿತು. ಎಲೆ ಉದುರಿಸಿ ನಿಂತ ಮರ ತಪಸ್ಸಿಗೆ ನಿಂತಿದೆ ಎಂದುಕೊಂಡರು ಜನ.

ಅದಕ್ಕೇ ಇವತ್ತಿಗೂ ಬೇಸಿಗೆ ಬಂದರೆ ತಪಸಿ ಮರ ಬೋಳಾಗಿ ನಿಲ್ಲುತ್ತದೆ, ಗಾಳಿ ಅದರ ಬೀಜಗಳನ್ನು ಬಿಸಿಲಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ ದೂರದಲ್ಲಿ ಬಿಡುತ್ತದೆ, ಮತ್ತು ದಾರಿಯಲ್ಲಿ ಒಂದು ಸಿಕ್ಕಿದರೆ ನೀನೂ ಮೊದಲು ಅದನ್ನು ಬಿಸಿಲಿಗೇ ಹಿಡಿಯುತ್ತೀಯ.