ಬಿಟ್ಟುಹೋದದ್ದು

ಶಿಷ್ಯನೊಬ್ಬ ಗುರುವನ್ನು ಕೇಳಿದ:

"ಗುರುಗಳೇ, ಎದ್ದಾಗಿನಿಂದ ಮಲಗುವ ತನಕ ಒಂದು ಗಳಿಗೆಯನ್ನೂ ನಾನು ಹಾಳುಮಾಡುವುದಿಲ್ಲ. ಓದು, ಜಪ, ಸೇವೆ ಎಲ್ಲವೂ ನಡೆದಿವೆ. ಆದರೂ ಏನೋ ಬಿಟ್ಟುಹೋಗುತ್ತಿದೆ ಎಂಬ ಅಂಜಿಕೆ ಹೋಗಿಲ್ಲ. ಇನ್ನೇನನ್ನು ಸೇರಿಸಿಕೊಳ್ಳಲಿ?"

ಗುರು ಅವನ ಮುಖ ನೋಡಿದರು. ಈಚೆಗೆ ಅವನು ಊಟದ ತುತ್ತನ್ನೂ ಎಣಿಸಿ ಉಣ್ಣುತ್ತಿದ್ದ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಸೇರಿಸುವ ಮಾತು ಆಮೇಲಾಯಿತು, ಮೊದಲು ಕೂತುಕೋ ಎಂದು ಹೇಳಿ, ಅವರು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ತಾಯಿ ಇದ್ದಳು. ಅವಳಿಗೆ ಒಬ್ಬಳೇ ಮಗಳು. ಆ ಹುಡುಗಿಗೆ ಶಾಲೆಯ ಬಟ್ಟೆ ತೊಟ್ಟ ಕೂಡಲೇ ಹೊಟ್ಟೆನೋವು ಬರುತ್ತಿತ್ತು. ವೈದ್ಯರು ನೋಡಿ ಏನೂ ಇಲ್ಲ ಎಂದರು. ಏನೂ ಇಲ್ಲದಿದ್ದರೂ ದಿನಾ ಬೆಳಿಗ್ಗೆ ಮಗು ಹೊಟ್ಟೆ ಹಿಡಿದು ಅಳುತ್ತಿತ್ತು. ತಾಯಿ ಅದನ್ನು ಒಂದು ವರ್ಷ ನೋಡಿದಳು. ಆಮೇಲೆ ಗಂಡನನ್ನು ಒಪ್ಪಿಸಿ ಮಗಳನ್ನು ಸಾಲಿ ಬಿಡಿಸಿದಳು. ಆ ಕಡೆ ಶಾಲೆಗೆ ಸಾಲಿ ಎನ್ನುತ್ತಾರೆ. ಮನೆಯಲ್ಲಿ ತಾನೇ ಕಲಿಸತೊಡಗಿದಳು. ಹೊಟ್ಟೆನೋವು ಹೋಯಿತು. ಮಗು ಮತ್ತೆ ನಕ್ಕಿತು.

ಗಂಡನ ಅಣ್ಣ ನಿವೃತ್ತ ಹೆಡ್‌ಮಾಸ್ತರ್, ಬೇರೆ ಊರಿನಲ್ಲಿದ್ದ. ಆ ಮನೆಯಲ್ಲಿ ಅವನ ಮಾತು ಮೀರುವವರಿಲ್ಲ. ಸುದ್ದಿ ಕೇಳಿ ಅವನು ಸಿಟ್ಟಾಗಲಿಲ್ಲ. ಹುಡುಗಿಗೆ ಒಂಬತ್ತು ತುಂಬುವ ದಿನ ಬರುತ್ತೇನೆ, ಕೂರಿಸಿಕೊಂಡು ಪ್ರಶ್ನೆ ಕೇಳುತ್ತೇನೆ, ಹಿಂದೆ ಬಿದ್ದಿದ್ದರೆ ಮಾರನೆಯ ದಿನವೇ ಸಾಲಿಗೆ ಕಳಿಸಬೇಕು ಎಂದು ಹೇಳಿ ಕಳಿಸಿದ. ಗಂಡ ತಲೆಯಾಡಿಸಿಬಿಟ್ಟ. ಅಂದಿನಿಂದ ತಾಯಿಯ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು.

ಹುಟ್ಟಿದ ದಿನ ಭಾನುವಾರ ಬಂದಿತ್ತು. ಅದರ ಹಿಂದಿನ ವಾರದ ಕತೆ ಕೇಳು.

ತಾಯಿ ಒಂದು ನೋಟ್‌ಬುಕ್ ಹೊಲಿದಳು. ಅದರ ಮೇಲೆ 'ಬಿಟ್ಟುಹೋದದ್ದು' ಎಂದು ಬರೆದಳು. ಕಲಿಸಿದ್ದನ್ನು ಅದರಲ್ಲಿ ಬರೆಯುತ್ತಿರಲಿಲ್ಲ. ಆ ದಿನ ಕಲಿಸಲಾಗದೆ ಉಳಿದದ್ದನ್ನು ಬರೆದು ಮರುದಿನಕ್ಕೆ ಸೇರಿಸುತ್ತಿದ್ದಳು. ಸೋಮವಾರ ಅದರಲ್ಲಿ ಮೂರು ಸಾಲುಗಳಿದ್ದವು. ಮಂಗಳವಾರಕ್ಕೆ ಒಂದು ಪುಟ ತುಂಬಿತು.

ಸೋಮವಾರ ಮಗು ಹುಣಸೆ ಬೀಜ ಹರಡಿಕೊಂಡು ಆಡಲು ಕೂತಿತ್ತು. ತಾಯಿ ಅದೇ ಬೀಜಗಳಿಂದ ಭಾಗಾಕಾರ ಹೇಳಿಕೊಟ್ಟಳು. ಮಗು ಬೀಜಗಳನ್ನು ಬುಟ್ಟಿಗೆ ತುಂಬಿಟ್ಟಿತು. ಮತ್ತೆ ತೆಗೆಯಲಿಲ್ಲ. ಮಂಗಳವಾರ ಬಸ್ಸು ಹತ್ತಿ ಕಂಬಳಿ ನೇಯುವವರ ಊರಿಗೆ ಹೋದರು. ಲಾಳಿ ಅತ್ತಿತ್ತ ಓಡುವುದನ್ನು ಕಂಡು ಮಗು ಬಾಯಿ ತೆರೆದು ನಿಂತಿತು. ನಿಂತದ್ದು ಎಷ್ಟು ಹೊತ್ತು? ತಾಯಿ ಕೈಗೆ ಸೀಸದ ಕಡ್ಡಿ ಕೊಟ್ಟು, ಮಗ್ಗದ ಭಾಗಗಳ ಹೆಸರು ಬರೆದುಕೋ ಎಂದಳು. ಬರೆದು ಮುಗಿಸಿ ತಲೆಯೆತ್ತುವ ಹೊತ್ತಿಗೆ ನೇಕಾರ ಊಟಕ್ಕೆ ಎದ್ದಿದ್ದ.

ಬುಧವಾರ ನದಿಗಳು. ಗುರುವಾರ ನಾಗರಪಂಚಮಿ.

ಆ ಸೀಮೆಯಲ್ಲಿ ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಊರಿನ ಹೆಣ್ಣುಮಕ್ಕಳೆಲ್ಲ ಅಂದು ಅಲ್ಲೇ. ಈ ಹುಡುಗಿಯೂ ಹೊಸ ಲಂಗ ಉಟ್ಟು, ಎಳ್ಳುಂಡಿ ಕಚ್ಚುತ್ತಾ ಓಡಿದಳು. ತಾಯಿ ಗಡಿಯಾರ ಹಿಡಿದು ಹಿಂದೆಯೇ ಬಂದಳು. ಜೋಕಾಲಿ ನಿಮಿಷಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂದು ಎಣಿಸು, ಹಗ್ಗ ಗಿಡ್ಡ ಮಾಡಿದರೆ ಎಷ್ಟಾಗುತ್ತದೆ ನೋಡು ಎಂದಳು. ಹುಡುಗಿ ಎಣಿಸುತ್ತಾ ಜೀಕಿದಳು. ಉಳಿದವರು ಹಾಡುತ್ತಾ ಜೀಕಿದರು. ಹಾಡು ಕೇಳಿದರೆ ಎಣಿಕೆ ತಪ್ಪುತ್ತದೆಂದು ಅವಳು ಹಾಡಿನ ಕಡೆ ಕಿವಿಗೊಡಲಿಲ್ಲ.

ನಗಬೇಡ. ಅವಳು ಕೆಟ್ಟ ತಾಯಿಯಲ್ಲ. ಮಗಳ ಆ ಹಳೆಯ ಅಳುವನ್ನು ಅವಳು ಮರೆತಿರಲಿಲ್ಲ. ಭಾನುವಾರ ಒಂದು ಉತ್ತರ ತಪ್ಪಿದರೆ ಆ ಅಳು ಮತ್ತೆ ಮನೆಗೆ ಬರುತ್ತದೆ ಎಂದು ಅವಳು ನಿಜವಾಗಿ ಹೆದರಿದ್ದಳು. ನನಗೆ ಅವಳನ್ನು ನೆನೆದರೆ ಪಾಪ ಅನ್ನಿಸುತ್ತದೆ.

ಶುಕ್ರವಾರ ಬೆಳಿಗ್ಗೆ ಮಗು ಹೊಟ್ಟೆನೋವು ಎಂದಿತು. ತಾಯಿ ಹಬ್ಬದ ಉಂಡಿಯ ಮೇಲೆ ತಪ್ಪು ಹೊರಿಸಿದಳು. ಓಮದ ನೀರು ಕುಡಿಸಿದಳು. ಕುಡಿಸುತ್ತಲೇ, ತಿಂದದ್ದು ಜಠರದಿಂದ ಎಲ್ಲಿಗೆ ಹೋಗುತ್ತದೆ ಎಂದು ಚಿತ್ರ ಬರೆದು ವಿವರಿಸಿದಳು. ಶನಿವಾರ ಪಕ್ಕದ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕಿದರು. ಎಲ್ಲರೂ ಕೂಸನ್ನು ನೋಡಿದರು. ಹುಡುಗಿ ಮಾತ್ರ ಬಂದ ನೆಂಟರೆಲ್ಲ ಕೂಸಿಗೆ ಏನಾಗಬೇಕೆಂದು ಸಾಲಾಗಿ ಬರೆದುಕೊಂಡಳು.

ಭಾನುವಾರ ದೊಡ್ಡಪ್ಪ ಬಂದ. ಊಟಕ್ಕೆ ಮೊದಲೇ ಪಡಸಾಲೆಯಲ್ಲಿ ಚಾಪೆ ಹಾಸಿಸಿ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡ. ತಾಯಿ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಳು. ಒಲೆಯ ಮೇಲೆ ಪಾಯಸ ತಳ ಹತ್ತುತ್ತಿದ್ದರೂ ಅವಳಿಗೆ ತಿಳಿಯಲಿಲ್ಲ.

ಅವನು ಮಗ್ಗಿ ಕೇಳಿದ, ಹೇಳಿದಳು. ಭಾಗಾಕಾರ ಕೊಟ್ಟ, ಮಾಡಿದಳು. ಕೃಷ್ಣೆಯ ಉಪನದಿಗಳನ್ನು ಕೇಳಿದ. ಅವನು ಮನಸ್ಸಿನಲ್ಲಿ ಎಣಿಸಿಕೊಂಡದ್ದಕ್ಕಿಂತ ಒಂದು ಹೆಚ್ಚು ಹೇಳಿದಳು. ಮಗ್ಗದ ಭಾಗಗಳನ್ನಂತೂ ಕೇಳದೆಯೇ ಒಪ್ಪಿಸಿದಳು. ಅವನು ಹಟಮಾರಿಯಾದರೂ ಮೋಸದ ಮನುಷ್ಯನಲ್ಲ. ತಮ್ಮನ ಹೆಂಡತಿಯ ಕಡೆ ತಿರುಗಿ, ನೀನು ಗೆದ್ದೆ, ಈಕೆಗೆ ಸಾಲಿ ಬೇಕಾಗಿಲ್ಲ ಎಂದು ಒಪ್ಪಿಕೊಂಡ. ತಾಯಿಗೆ ಕಣ್ಣು ತುಂಬಿ ಬಂತು. ವಾರದಿಂದ ಹಿಡಿದಿದ್ದ ಉಸಿರನ್ನು ಬಿಟ್ಟಳು.

ದೊಡ್ಡಪ್ಪ ಹುಡುಗಿಯ ತಲೆ ಸವರಿ, ಹುಟ್ಟಿದ ದಿನಕ್ಕೆ ಏನು ಬೇಕಾದರೂ ಕೇಳು, ಇಲ್ಲ ಎನ್ನುವುದಿಲ್ಲ ಎಂದ. ಹುಡುಗಿ ತಾಯಿಯನ್ನೊಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು:

"ದೊಡ್ಡಪ್ಪಾ, ನನ್ನ ಸಾಲಿಗೆ ಹಚ್ರಿ."

ತಾಯಿ ಬಂದು ಮಗಳ ಮುಂದೆ ಕೂತಳು.

"ಯಾಕ ನನ್ನವ್ವಾ? ಅಲ್ಲಿ ನಿನಗ ಹೊಟ್ಟಿ ನೋಯ್ತಿತ್ತಲ್ಲ?"

"ನೋಯ್ತಿತ್ತವ್ವಾ. ಆದ್ರ ನಾಕ ಗಂಟೆಕ್ಕ ಬಿಡತಿದ್ರು."

ಇಷ್ಟಕ್ಕೆ ಗುರು ಕತೆ ನಿಲ್ಲಿಸಿದರು. ಆಮೇಲೆ ಆ ತಾಯಿ ಮಗಳನ್ನು ಮತ್ತೆ ಶಾಲೆಗೆ ಕಳಿಸಿದಳೋ ಇಲ್ಲವೋ ಎಂದು ಶಿಷ್ಯ ಕೇಳಿದ. ಅದನ್ನು ಆ ಮನೆಯವರು ನೋಡಿಕೊಂಡಿರುತ್ತಾರೆ ಎಂದರು ಗುರು. ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ ಎಂದು ಅವನು ಬಾಯಿ ತೆರೆದ. ಗುರು ತಿರುಗಿ ಅವನನ್ನೇ ಕೇಳಿದರು:

"ನೀನು ನಿನ್ನನ್ನು ಎಷ್ಟು ಗಂಟೆಗೆ ಬಿಡುತ್ತೀ?"